ಕಂಡಕ್ಟರನ ರಕ್ತ

ತನ್ನ ತಮ್ಮನಷ್ಟು ಜಂಬದ ಮನುಷ್ಯನನ್ನು ಅಕ್ಕ ಇನ್ನೆಲ್ಲೂ ಕಂಡಿಲ್ಲ. ಬಸ್ ಕಂಡಕ್ಟರನಾದ ಅವನು ಅವಳ ರಕ್ತದ ಕ್ಯಾನ್ಸರಿಗೆ ಹೊಸ ರಕ್ತ ಹುಟ್ಟಿಸುವ ತನ್ನ ಕಾಂಡಕೋಶ ಕೊಟ್ಟದ್ದೇ ತಡ, ಟಿಕೆಟ್ ಹರಿಯುತ್ತಲೇ ಬಸ್ಸಿಗೆಲ್ಲ ಸಾರತೊಡಗಿದ: "ನಮ್ಮಕ್ಕನ ಮೈಯಲ್ಲಿ ಓಡ್ತಿರೋದು ನನ್ ರಕ್ತ ಕಣ್ರೀ, ಗ್ರೂಪೇ ಬದಲಾಗಿ ನಂದಾಯ್ತು!" ಅವಳು ಸೀನಿದರೆ ಅದು ಅವನ ಸೀನು, ಸಿಡುಕಿದರೆ ಅವನ ಸಿಡುಕು. "ಅಣ್ಣನೂ ಕೊಡ್ತೀನಿ ಅಂದಿದ್ದ, ಅವನದು ಬರೀ ನೀರು" ಎಂದು ಅಣ್ಣನ ಎದುರಿಗೇ ನಗುತ್ತಿದ್ದ. ಎರಡು ವರ್ಷಕ್ಕೆ ರೋಗ ಮರಳಿತು. ಮತ್ತೆ ಕಸಿ ಮಾಡಬೇಕು, ಈ ಸಲ ಅಪಾಯ ಹೆಚ್ಚು, ಮೂರನೆಯ ಅವಕಾಶ ಇರಲಾರದು ಎಂದು ಡಾಕ್ಟರು ಹೇಳಿದರು. ಅವಳು ತಮ್ಮನ ಬಾಯನ್ನೇ ನೋಡಿದಳು. ಆ ಹಾಳು ಜಂಬ ಈಗೊಮ್ಮೆ ಕಿವಿಗೆ ಬಿದ್ದಿದ್ದರೆ ಅವಳ ಎದೆ ಇಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. "ಮತ್ತೆ ನೀವೇ ಕೊಡಬಹುದು, ಇಲ್ಲಾ ನಿಮ್ಮಣ್ಣ ಕೊಡಬಹುದು. ಇಬ್ಬರದೂ ಹೊಂದುತ್ತೆ" ಎಂದರು ಡಾಕ್ಟರು. ತಮ್ಮ ಆಗಲೇ ಷರಟಿನ ತೋಳು ಮಡಿಸಿ ಕೂತಿದ್ದ. "ಅಣ್ಣಂದೇ ತಗೊಳ್ಳಿ ಸಾರ್" ಎಂದ. "ನೀರಾಗಿದ್ದು ನಂದೇ." ಆಮೇಲೆ ಅಕ್ಕನ ಕಡೆ ನೋಡದೆ, ತೋಳನ್ನು ಮೆಲ್ಲಗೆ ಕೆಳಗಿಳಿಸಿ ಗುಂಡಿ ಹಾಕಿಕೊಂಡ.