ದುರಗವ್ವ ತಣ್ಣೀರಲ್ಲಿ ಹಿಟ್ಟು ನಾದಿದ ದಿನ

ಬೆಳಗಿನ ಐದು ಗಂಟೆ. ಹೆಬ್ಬಳ್ಳಿಯ ತಗಡಿನ ಶೆಡ್ಡಿನಲ್ಲಿ ಎಂಟು ಒಲೆಗಳು ಉರಿಯುತ್ತಿವೆ. ದುರಗವ್ವ ಕುದಿಯುವ ಎಸರನ್ನು ಜೋಳದ ಹಿಟ್ಟಿನ ನಡುವೆ ಹೊಯ್ದು, ಬಿಸಿ ಆರುವ ಮೊದಲೇ ಕೈ ಹಾಕಿ ನಾದುತ್ತಾರೆ. ನೋಡುವವರ ಕೈಯೇ ಚುರ್ ಎನ್ನುತ್ತದೆ. “ಎಸರು ಬೇಕ ಬೇಕ್ರಿ. ತಣ್ಣೀರಾಗ ನಾದಿದ್ರ ಹಿಟ್ಟಿಗೆ ಜಿಗಿ ಬರೂದಿಲ್ಲ. ಬಡಿಯೂ ಮುಂದ ಅಂಚು ಒಡೀತಾವ,” ಎನ್ನುತ್ತಾರೆ, ತಲೆ ಎತ್ತದೆ.

ದಿನಕ್ಕೆ ಸಾವಿರದ ಮೇಲೆ ರೊಟ್ಟಿ ಇಲ್ಲಿಂದ ಹೊರಡುತ್ತದೆ. ಅರ್ಧ ಧಾರವಾಡದ ಖಾನಾವಳಿಗಳಿಗೆ, ಉಳಿದದ್ದು ಹುಬ್ಬಳ್ಳಿಯ ಹಾಸ್ಟೆಲುಗಳಿಗೆ. ಬುಟ್ಟಿಗಳನ್ನು ಒಯ್ಯುವ ಬಸ್ಸು ತಪ್ಪಿದರೆ ದುರಗವ್ವನ ಬಾಯಿಗೆ ಯಾರೂ ಅಡ್ಡ ಬರುವುದಿಲ್ಲ.

ಈ ಶೆಡ್ಡಿಗೆ ಒಂದು ಕಟ್ಟಳೆ ಇದೆ. ತಾಯಂದಿರು ಕೆಲಸಕ್ಕೆ ಬರಬಹುದು, ಓದುವ ಹೆಣ್ಣುಮಕ್ಕಳು ಹಿಟ್ಟು ಮುಟ್ಟುವಂತಿಲ್ಲ. ರೊಟ್ಟಿಯಿಂದಲೇ ಬದುಕು ಕಟ್ಟಿಕೊಂಡವರ ಬಾಯಲ್ಲಿ ಇದು ವಿಚಿತ್ರವಾಗಿ ಕೇಳಿಸುತ್ತದೆ. ಕಾರಣ ಕೇಳಿದರೆ ದುರಗವ್ವ ತಮ್ಮ ತವರು ಗರಗದ ಕಥೆ ತೆಗೆಯುತ್ತಾರೆ. “ನಾ ಏಳನೇತ್ತಾಗ ಇದ್ದೆ. ಹೆಣ್ಣು ನೋಡಾಕ ಬಂದಾಕಿ ನನ್ನ ರೊಟ್ಟಿ ತಿಂದು, ಕೈ ಛಲೋ ಐತಿ ಅಂದ್ಲು. ಮುಗೀತು ನೋಡ್ರಿ ಸಾಲಿ. ಅವತ್ತ ರೊಟ್ಟಿ ಹೊತ್ತಿದ್ರ ನಾ ಮಾಸ್ತರಬಾಯಿ ಆಗತಿದ್ನೋ ಏನೋ!” ಎಂದು ನಗುತ್ತಾರೆ. ಆ ಮದುವೆ ಬಹಳ ದಿನ ಬಾಳಲಿಲ್ಲ. ಗಂಡ ತೀರಿಕೊಂಡ ಮೇಲೆ ಅದೇ ‘ಛಲೋ ಕೈ’ ಹೊಟ್ಟೆ ಹೊರೆಯಿತು.

ಶೆಡ್ಡಿನ ಮೂವರು ಹೆಂಗಸರ ಹೆಣ್ಣುಮಕ್ಕಳು ಈಗ ಸ್ಕಾಲರ್‌ಶಿಪ್ಪಿನಲ್ಲಿ ಓದುತ್ತಿದ್ದಾರೆ. ಅವರಲ್ಲಿ ಜಯಾ ಎಂಬವರ ಮಗಳು ಭಾಗ್ಯಶ್ರೀಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಾಗ ಒಂದು ಟ್ರಸ್ಟ್ ಫೀ, ಹಾಸ್ಟೆಲ್, ಊಟ ಎಲ್ಲವನ್ನೂ ವಹಿಸಿಕೊಂಡಿತು. ಬಡವರ ಮನೆಯಲ್ಲಿ ‘ಓದಿಸಲು ಎಲ್ಲಿಂದ ತರೋದು’ ಎಂಬ ಮಾತು ಅಲ್ಲಿಗೆ ನಿಂತಿತು. ಆದರೆ ಷರತ್ತು ಒಂದಿತ್ತು: ಕೋರ್ಸು ಮುಗಿಯುವ ಮೊದಲು ಮದುವೆಯಾದರೆ ನೆರವು ಬಂದ್.

ತಪ್ಪಾದದ್ದು ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ. ಮುಗದ ಊರಿನ ಮದುವೆ ಮನೆಯೊಂದರ ದೊಡ್ಡ ಆರ್ಡರು, ಅವತ್ತೇ ದುರಗವ್ವನಿಗೆ ಜ್ವರ. ಕೈ ಸಾಲದೆ ಜಯಾ ಮಗಳನ್ನೇ ಒಲೆ ಮುಂದೆ ಕೂರಿಸಿದರು. ರೊಟ್ಟಿ ಒಯ್ಯಲು ಬಂದವರು ಹೊಗಳಿದಾಗ ತಾಯಿಯ ಬಾಯಿ ನಿಲ್ಲಲಿಲ್ಲ. “ಇವು ನನ್ನ ಮಗಳು ಬಡದದ್ದು ಅಂದ್ಬಿಟ್ಟೆ ನೋಡ್ರಿ,” ಎಂದು ಜಯಾ ಈಗಲೂ ಹಣೆ ಬಡಿದುಕೊಳ್ಳುತ್ತಾರೆ. ಮರುವಾರ ಮುಗದದಿಂದ ಸಂಬಂಧ ಬಂತು. ಹುಡುಗನಿಗೆ ಹೊಲ ಇದೆ, ಟ್ರ್ಯಾಕ್ಟರ್ ಇದೆ. “ಕೊಡೂದು ತಗೊಳೂದು ಏನೂ ಬ್ಯಾಡ ಅಂದ್ರು. ನಮ್ಮಂಥವರಿಗೆ ಮತ್ತೇನ ಬೇಕ್ರಿ? ಮನಸು ಜಾರಿತು.” ಭಾಗ್ಯಶ್ರೀ ಅಳುತ್ತ ಓಡಿದ್ದು ದುರಗವ್ವನ ಮನೆಗೆ.

“ಸ್ಕಾಲರ್‌ಶಿಪ್ ಫೀ ಕಟ್ಟತೈತ್ರಿ. ಹೆಣ್ಣು ನೋಡಾಕ ಬಂದವರನ್ನ ತಿರುಗಿ ಕಳಸಂಗಿಲ್ಲ. ಅದನ್ನ ನಾವ ಮಾಡಬೇಕು,” ಎನ್ನುತ್ತಾರೆ ದುರಗವ್ವ.

ಹುಡುಗಿ ನೋಡುವ ದಿನ ರೊಟ್ಟಿ ತಟ್ಟಿಸಿ ನೋಡುವುದು ಈ ಕಡೆಯ ಹಲವು ಮನೆಗಳಲ್ಲಿ ಇನ್ನೂ ನಿಂತಿಲ್ಲ. ಮೊಬೈಲಿನಲ್ಲಿ ಫೋಟೊ ನೋಡಿ ಮೆಚ್ಚಿದವರೂ ಕಡೆಗೆ ಒಲೆ ಮುಂದೆ ಬಂದು ಕೂರುತ್ತಾರೆ. ಮುಗದದವರು ಬಂದ ದಿನ ದುರಗವ್ವ ಜಯಾ ಮನೆಗೆ ಹೋಗಿ, ಹಿಟ್ಟು ತಾನೇ ನಾದಿಕೊಡುವೆನೆಂದು ಪರಾತ ಎಳೆದುಕೊಂಡರು. ಎಸರು ಇಡಲೇ ಇಲ್ಲ. ಕೊಡದ ತಣ್ಣೀರು ಸುರಿದು ನಾದಿ, ಮುದ್ದೆಯನ್ನು ಹುಡುಗಿಯ ಮುಂದೆ ಇಟ್ಟರು. ಭಾಗ್ಯಶ್ರೀ ಬಡಿದಂತೆಲ್ಲ ಅಂಚು ಸೀಳಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಮೂರು ತುಂಡು.

ಹುಡುಗನ ತಾಯಿ ನಗಲಿಲ್ಲ. ಬಗ್ಗಿ ಹಿಟ್ಟು ಮುಟ್ಟಿ ನೋಡಿದರು. “ಹಿಟ್ಟು ತಣ್ಣಗೈತಿ. ನನಗೂ ರೊಟ್ಟಿ ಬಡಿಯಾಕ ಬರತೈತಿ, ದುರಗವ್ವಾ. ಕೊಡೂ ಮನಸಿಲ್ಲಂದ್ರ ಬಾಯಿಲೆ ಹೇಳಬೇಕಿತ್ತು,” ಎಂದು ಚಹಾ ಕೂಡ ಮುಟ್ಟದೆ ಎದ್ದು ಹೋದರು.

ಮುಗದದ ಆರ್ಡರು ಅಂದಿನಿಂದ ಬಂದಿಲ್ಲ. ಜಯಾ ಪಕ್ಕದ ಒಲೆಯಲ್ಲೇ ಕೂತು ತಿಂಗಳುಗಟ್ಟಲೆ ಮಾತು ಬಿಟ್ಟರು. ದುರಗವ್ವನೂ ಸೋಲಲಿಲ್ಲ, ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರಂತೆ. ರಜೆ ಮುಗಿದು ಹುಡುಗಿ ಹಾಸ್ಟೆಲಿಗೆ ಹೊರಟಳು. ಮುಂದೆ ಒಂದು ದಿನ ಜಯಾಗೆ ರಕ್ತದೊತ್ತಡ ಏರಿ ತಲೆ ತಿರುಗಿದಾಗ, ಮಗಳು ಫೋನಿನಲ್ಲೇ ಒಂದೊಂದಾಗಿ ಕೇಳಿ, ಯಾವ ದವಾಖಾನೆಗೆ ಕರೆದೊಯ್ಯಬೇಕೆಂದು ಹೇಳಿದಳು. ಮಾತು ಮತ್ತೆ ಶುರುವಾದದ್ದು ಆಮೇಲೆ.

ಭಾಗ್ಯಶ್ರೀ ಈಗ ಕೊನೆಯ ವರ್ಷದಲ್ಲಿದ್ದಾಳೆ. ಆಸ್ಪತ್ರೆಯಲ್ಲಿ ತರಬೇತಿ ನಡೆದಿದೆ, ಮುಗಿದೊಡನೆ ಕೆಲಸ ಸಿಗುವ ಭರವಸೆಯೂ ಇದೆ. “ದುರಗವ್ವಾಯಿ ಮೋಸ ಮಾಡಿದ್ಲು ಅಂತ ಊರಾಗ ಆಡ್ಕೋತಾರ್ರಿ. ಹೌದು, ಮಾಡ್ಯಾಳ. ನನ್ನ ಸಲುವಾಗಿ,” ಎನ್ನುತ್ತಾಳೆ.

ಬಸ್ಸಿನ ಹೊತ್ತಾಯಿತು. ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದ ದುರಗವ್ವನನ್ನು, ಆ ಹುಡುಗಿಯಿಂದ ನಿಮಗೇನು ಬೇಕು ಎಂದು ಕೇಳಿದೆ. ಬಟ್ಟೆಯ ಅಂಚನ್ನು ಬುಟ್ಟಿಯೊಳಗೆ ಸಿಕ್ಕಿಸಿದರು.

“ಪಗಾರ ಬಂದ ದಿನ ಇಲ್ಲಿಗೆ ಗಿರಾಕಿ ಆಗಿ ಬರ್ಲಿ. ರೊಕ್ಕಾ ಕೊಟ್ಟು ರೊಟ್ಟಿ ಒಯ್ಲಿ. ಪುಕ್ಕಟ ಮಾತ್ರ ಕೊಡಂಗಿಲ್ರಿ ನಾ.”