ಎರಡು ಮರಿಗಳ ಅಪ್ಪ

ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ಕೆಲಸದಲ್ಲಿ ಅವರಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿಲ್ಲ ಎನ್ನುತ್ತಾರೆ. ಬಾಗಿಲಿಗೆ ಹಗ್ಗ ಕಟ್ಟಿ, 'ಕೆಲಸ ನಡೆಯುತ್ತಿದೆ' ಎಂಬ ಹಳದಿ ಫಲಕ ತೂಗುಹಾಕದೆ ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲವಂತೆ. ಆ ಮನುಷ್ಯ ನಮ್ಮ ಮನೆಯ ಹೊಸ್ತಿಲಲ್ಲಿ ಎಲ್ಲಿ ಮಾಯವಾಗುತ್ತಾನೋ, ದೇವರೇ ಬಲ್ಲ.

ಒಳಗೆ ಬರುವವರು ಲಾರಿಯ ಅಪ್ಪ. ತೋಳುದ್ದದ ಕೆಂಪು ಲಾರಿ, ರಿಮೋಟ್ ಹೇಳಿದಂತೆ ಓಡುವುದು. ಬ್ಯಾಟರಿಯದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಇದಕ್ಕೆ ನಿಜವಾದ ಪುಟ್ಟ ಎಂಜಿನ್. ಹರಳೆಣ್ಣೆ ಬೆರೆಸಿದ ಗುಲಾಬಿ ಬಣ್ಣದ ಇಂಧನ ಕುಡಿದು, ಜಿಡ್ಡುಜಿಡ್ಡಾದ ಹೊಗೆ ಕಾರುತ್ತದೆ. ಆ ಜಿಡ್ಡು ಮುಟ್ಟದ ವಸ್ತು ನಮ್ಮ ಮನೆಯಲ್ಲಿಲ್ಲ. ಟವೆಲಿಗೆ, ಬಾಗಿಲ ಚಿಲಕಕ್ಕೆ, ಹಾಲಿನ ಪಾತ್ರೆಯ ಮುಚ್ಚಳಕ್ಕೆ. ಒಮ್ಮೆ ಮಗಳ ಲಂಗೋಟಿಯಿಂದ ಚಕ್ರ ಒರೆಸುತ್ತಿದ್ದುದನ್ನು ನೋಡಿದೆ. "ಒಗೆದದ್ದೇ ಕಣೇ" ಎಂದರು, ಸಮಾಧಾನ ಮಾಡುವ ದನಿಯಲ್ಲಿ. ಇನ್ನೊಮ್ಮೆ ಹಲ್ಲುಜ್ಜಲು ಹೋದರೆ ನನ್ನ ಬ್ರಷ್ಷೇ ಕಪ್ಪಗಾಗಿತ್ತು.

ಇಷ್ಟಾದರೂ ಓಡಿಸುವಾಗ ಬಲು ಶಿಸ್ತು. ಮೊದಲು ರಿಮೋಟಿನ ಸ್ವಿಚ್, ಆಮೇಲೆ ಲಾರಿಯದು, ನಿಲ್ಲಿಸುವಾಗ ತಿರುವುಮುರುವು. ತಪ್ಪಿದರೆ ಲಾರಿ ಹೇಳಿದ ಮಾತು ಕೇಳದೆ ಓಡಿಬಿಡುತ್ತದಂತೆ. ಎಂಜಿನ್ ನಿಲ್ಲಿಸಬೇಕಾದರೆ ಇಂಧನದ ರಬ್ಬರ್ ಕೊಳವೆ ಚಿವುಟಿ ಹಿಡಿಯುತ್ತಾರೆ. "ನೋಡು, ಚಿವುಟಿದರೆ ಇದು ಸುಮ್ಮನಾಗುತ್ತೆ. ನಿನ್ನ ಮಗಳು ಊರು ಒಂದು ಮಾಡ್ತಾಳೆ" ಎಂದು ಅವರ ನಗೆಚಾಟಿಕೆ.

ಇದೆಲ್ಲ ಲಾರಿಗೆ ಏನೂ ಆಗಬಾರದೆಂಬ ಎಚ್ಚರ. ಲಾರಿಯಿಂದ ಯಾರಿಗಾದರೂ ಏನಾದರೂ ಆದೀತೆಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಅಸಹ್ಯವಾಗಿದ್ದದ್ದು ಅದರ ಹೆಸರು. ಮಗಳನ್ನು ನಾವೆಲ್ಲ ಕರೆಯುವುದು 'ಮರಿ' ಎಂದು. ಇವರು ಲಾರಿಯನ್ನೂ ಹಾಗೇ ಕರೆಯುತ್ತಿದ್ದರು. "ಬಾ ಮರಿ, ನಿಧಾನ ಮರಿ." ಅತ್ತೆ ಕೂಡ ನನ್ನನ್ನು ಛೇಡಿಸುತ್ತಿದ್ದರು: "ಸವತಿ ಇಲ್ಲ ಅಂತ ಬೀಗಬೇಡ ಕಣಮ್ಮ, ಸವತಿ ಮಗಳು ಆಗಲೇ ಇದ್ದಾಳೆ!"

ಒಂದು ಭಾನುವಾರ ಬೆಳಿಗ್ಗೆ ಹಳೇ ಗೋದಾಮೊಂದರ ಹಿಂದಿನ ಬಯಲಿಗೆ ಎಲ್ಲರೂ ಹೋಗಿದ್ದೆವು. ಒಂದು ಸುತ್ತು ಮುಗಿಸಿ ಲಾರಿ ಇವರ ಮುಂದೆ ಬಂದು ನಿಂತಿತು. ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಪಕ್ಕದಲ್ಲಿ ಬೆಳ್ಳಿಯಂತೆ ಹೊಳೆಯುವ ಹೊಗೆಯ ಕೊಳವೆ, ಕಾದ ಕಾವಲಿಯಷ್ಟು ಬಿಸಿ. ಇವರು ಕುಕ್ಕರಗಾಲಲ್ಲಿ ಕೂತು ಇಂಧನದ ಬಾಟಲಿ ಹುಡುಕುತ್ತಿದ್ದರು. ನಾನು ಚೀಲದಿಂದ ನೀರು ತೆಗೆಯುವಷ್ಟರಲ್ಲಿ ಮಗಳು ಚಾಪೆ ಬಿಟ್ಟು, ಹೊಳೆಯುವುದರ ಕಡೆಗೆ ಕೈ ಚಾಚಿಕೊಂಡು ತಪ್ಪುಹೆಜ್ಜೆ ಹಾಕುತ್ತಾ ಹೊರಟಿದ್ದಳು.

"ರೀ! ಮರೀನ ಹಿಡ್ಕೊಳ್ರೀ!" ಎಂದು ಚೀರಿದೆ.

ಇವರು ಒಂದೇ ನೆಗೆತಕ್ಕೆ ಹಿಡಿದುಕೊಂಡರು. ಲಾರಿಯನ್ನು. ಎರಡೂ ಕೈಯಲ್ಲಿ ಎತ್ತಿ ನನ್ನತ್ತ ತಿರುಗಿದಾಗ ಆ ಬಿಸಿ ಹೊಗೆಕೊಳವೆ ಸರಿಯಾಗಿ ಮಗಳ ಮುಖದ ಎತ್ತರಕ್ಕೆ ಬಂದಿತ್ತು. "ಹಿಡ್ಕೊಂಡೆ, ಹಿಡ್ಕೊಂಡೆ!" ಎನ್ನುತ್ತಿದ್ದರು, ಹಲ್ಲು ಕಿರಿಯುತ್ತಾ.

ಹೇಗೆ ಓಡಿದೆನೋ ಗೊತ್ತಿಲ್ಲ. ಫ್ರಾಕಿನ ಬೆನ್ನು ಹಿಡಿದು ಎಳೆದುಕೊಂಡೆ. ಮಗಳ ಕೆನ್ನೆಗೆ ತಾಗಬೇಕಾದದ್ದು ನನ್ನ ಮಣಿಕಟ್ಟಿಗೆ ತಾಗಿತು. ಚುಂಯ್ ಎಂದಿತು. ಚರ್ಮ ಸುಟ್ಟ ವಾಸನೆಯೂ ಹರಳೆಣ್ಣೆಯ ವಾಸನೆಯೂ ಒಂದಾಗಿ ಮೂಗಿಗೆ ಅಡರಿತು.

ಇವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಇಂಧನದ ಕೊಳವೆ ಚಿವುಟಿ ಎಂಜಿನ್ ನಿಲ್ಲಿಸಿ, ಅದೇ ಜಿಡ್ಡುಗೈಯಲ್ಲಿ ನನ್ನ ಕೈ ಹಿಡಿದು ನೀರು ಸುರಿದರು. ನನಗೆ ಮಾತ್ರ ಆ ಬೆರಳುಗಳು ತಾಗಿದರೆ ಮೈಯೆಲ್ಲ ಮುಳ್ಳೇಳುತ್ತಿತ್ತು.

ಮನೆಗೆ ಬಂದ ಮೇಲೆ ಅತ್ತೆ ಈ ಸಲ ತಮಾಷೆ ಮಾಡಲಿಲ್ಲ. "ಮಗೂನೂ ಚಿವುಟಿ ತೊಟ್ಟಿಲೂ ತೂಗೋದು ಕೇಳಿದ್ದೆ. ಮಗು ಬಿಟ್ಟು ಲಾರಿ ಎತ್ಕೊಳ್ಳೋನನ್ನ ನಾನೇ ಹೆತ್ತಿದೀನಿ ನೋಡು" ಎಂದು ಒಳಗೆ ಹೋದರು.

ನಾನು ಮಗಳನ್ನು ತಟ್ಟುತ್ತಾ ಇವರಿಗೆ ಹೇಳಿದೆ: "ಒಂದು ಮನೆಗೆ ಒಂದೇ ಮರಿ ಸಾಕು. ಹೆಸರು ಬದಲಾಯಿಸಿ."

ಇವರು ತಲೆ ತಗ್ಗಿಸಿಕೊಂಡು ಕೇಳಿದರು: "ಯಾರ್ದು?"

ತಾವು ಕೇಳಿದ್ದೇನೆಂದು ಅವರಿಗೇ ಕೇಳಿಸಿರಬೇಕು. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದರು, ತೊಳೆದೇ ತೊಳೆದರು.

ಈಗ ಅದು ಬರೀ ಲಾರಿ. ಬಯಲಿನಲ್ಲಿ ಹಗ್ಗ ಕಟ್ಟಿ, ಕೆಲಸದ ಹಳದಿ ಫಲಕ ತೂಗುಹಾಕಿಯೇ ಓಡಿಸುತ್ತಾರೆ. ನಾವು ಹಗ್ಗದಿಂದ ಬಹಳ ದೂರ, ಮಗಳು ನನ್ನ ಮಡಿಲಲ್ಲಿ. ಎಂಜಿನ್ ನಿಲ್ಲಿಸಿ, ಹೊಗೆಕೊಳವೆ ಆರುವವರೆಗೆ ಕಾದು, ಕೈ ತೊಳೆದುಕೊಂಡೇ ಇತ್ತ ಬರುತ್ತಾರೆ. ಮೊನ್ನೆಯೂ ಹಾಗೇ ಬಂದು, ತೋಳು ಚಾಚಿ ಕರೆದರು: "ಬಾ ಮರಿ."

ಮಗಳು ಕತ್ತು ತಿರುಗಿಸಿ ಲಾರಿಯತ್ತ ನೋಡಿದಳು.