ಹತ್ತರಗಿಯ ನೀಲಿ

ಹೀಗೂ ಆಗುತ್ತದೆ ನೋಡಿ ಎಂದು ಯಾರಾದರೂ ವಿಚಿತ್ರದ ಮಾತು ತೆಗೆದರೆ ನಾನು ಸ್ಟಾಫ್ ರೂಮಿನಿಂದ ಎದ್ದು ಹೊರಗೆ ಹೋಗುತ್ತಿದ್ದವನು. ಮೂಡಲಗಿಯ ಹೈಸ್ಕೂಲೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಚಿತ್ರಕಲೆ ಕಲಿಸುತ್ತಿದ್ದೇನೆ. ಕಂಡಷ್ಟನ್ನೇ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಈಗ ಬರೆಯುತ್ತಿರುವುದೂ ಕಣ್ಣಾರೆ ಕಂಡದ್ದೇ. ಆದರೂ ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವೂ ಇಲ್ಲ. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ದಸ್ತಗೀರ ಹತ್ತರಗಿಯವನು. ಹೈವೇ ಬದಿಯಲ್ಲಿ ಕೂತು ಲಾರಿಗಳ ಹಿಂದೆ ಹೂವು, ನವಿಲು, ನಂಬರು ಬರೆಯುತ್ತಿದ್ದ ಪೇಂಟರ್. ಊರೂರಿಗೆ ಸ್ಟಿಕರು, ಫ್ಲೆಕ್ಸ್ ಬಂದು ಕೆಲಸ ಕಡಿಮೆಯಾದ ಮೇಲೆ ಕ್ಯಾನ್ವಾಸಿನ ಮೇಲೆ ಚಿತ್ರ ತೆಗೆಯತೊಡಗಿದ. ರಾತ್ರಿ ಬಿಟ್ಟು ಬೇರೆ ವಿಷಯವೇ ಇಲ್ಲ ಅವನಿಗೆ. ಸಾಲಾಗಿ ನಿಂತ ಕಬ್ಬಿನ ಟ್ರ್ಯಾಕ್ಟರು, ಇಳಿಸಿದ ಶಟರು, ಒಬ್ಬನೇ ನಿಂತು ಬಸ್ಸು ಕಾಯುವ ಮನುಷ್ಯ. ಕಪ್ಪು ಬಣ್ಣ ಮುಟ್ಟುತ್ತಿರಲಿಲ್ಲ. ಕತ್ತಲೆಯನ್ನೆಲ್ಲ ನೀಲಿಯಲ್ಲೇ ತೆಗೆಯುತ್ತಿದ್ದ. ಡಿಪ್ಲೊಮಾ ನನ್ನ ಹತ್ತಿರ ಇದೆ, ಅವನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಅವನ ಮೊದಲ ಚಿತ್ರ ನೋಡಿದ ದಿನ ಗೋಕಾಕಿನ ನನ್ನ ಮನೆಗೆ ಬಂದು ನಾನು ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ದಿನಾ ಅವನದೇ ಮಾತು, ಅವನ ಚಿತ್ರದಲ್ಲಿ ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು. ಕೊನೆಗೆ ನನ್ನ ಹೆಂಡತಿಯೇ ಕೇಳಿದಳು:

"ಅಷ್ಟ್ ಹೊಟ್ಟಿ ಉರಿಯಾಕತ್ತಿದ್ರ ಇನ್ನೊಂದ್ ಸ್ವಲ್ಪ ಮಜ್ಜಿಗಿ ಹಾಕ್ಲೇನ್ರಿ?"

ಅವನು ಕೆಲಸ ಮಾಡುವ ರೀತಿಯೇ ಬೇರೆ. ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ ಇಡುವ ಏಳು ಬಟ್ಟಲಿನ ದುಂಡನೆಯ ಸ್ಟೀಲ್ ಡಬ್ಬಿ ಇರುತ್ತದಲ್ಲ, ಅದರಲ್ಲಿ ಬಣ್ಣ ಕಲಸುತ್ತಿದ್ದ. ಹಗಲಿನಲ್ಲೇ ಕಲಸಿ, ಏಳೂ ಬಟ್ಟಲು ಅಂಚಿನ ತನಕ ತುಂಬಿಸಿ, ರಾತ್ರಿ ಹೊರಗೆ ಹೋಗಿ ಕೂರುತ್ತಿದ್ದ. ನಡುವಿನ ಬಟ್ಟಲಲ್ಲಿ ನೀಲಿ. ಡಬ್ಬಿಯ ಅಂಚಿಗೆ ಒಂದು ದಾರ ಕಟ್ಟಿದ್ದ. ದಾರದ ಹತ್ತಿರದ ಬಟ್ಟಲಲ್ಲಿ ಹಳದಿ. ಉಳಿದವು ಅಲ್ಲಿಂದ ಬಲಕ್ಕೆ ಕ್ರಮವಾಗಿ. ದೀಪವಿಲ್ಲ, ಬ್ಯಾಟರಿಯಿಲ್ಲ, ಮೊಬೈಲು ಕೂಡ ಉಲ್ಟಾ ಇಡುತ್ತಿದ್ದ. "ಲೈಟ್ ಹಚ್ಚಿದ್ರ ರಾತ್ರಿ ಓಡಿ ಹೋಗತೈತ್ರಿ ಸರ," ಅನ್ನುತ್ತಿದ್ದ. ಕೈ ಅಂದಾಜಿನಲ್ಲೇ ಬಣ್ಣ ತೆಗೆದುಕೊಂಡು ಬಳಿಯುವುದು. ಏನು ಬಂದಿದೆ ಎಂದು ಅವನೇ ನೋಡುವುದು ಬೆಳಗಾದ ಮೇಲೆ.

ಮೂರು ವರ್ಷದ ಹಿಂದಿನ ಚಳಿಗಾಲ. ಬೆಳಗಾವಿಯಲ್ಲಿ ಒಂದು ದೊಡ್ಡ ಪ್ರದರ್ಶನಕ್ಕೆ ನಮ್ಮ ಕಡೆಯಿಂದ ಒಬ್ಬನೇ ಒಬ್ಬ ಕಲಾವಿದನನ್ನು ಆರಿಸುವವರಿದ್ದರು. ಅದಕ್ಕಾಗಿ ಅಲ್ಲಿಂದ ಇಬ್ಬರು ಬಂದು ನನ್ನ ಚಿತ್ರಗಳನ್ನು ನೋಡಿ, ಛಲೋ ಅದಾವ, ತಿಳಿಸ್ತೇವ್ರಿ ಎಂದು ಹೋಗಿದ್ದರು. ಮುಂದಿನ ಭಾನುವಾರ ಬೆಳಿಗ್ಗೆ ದಸ್ತಗೀರನಲ್ಲಿಗೆ ಬರುವವರಿದ್ದರು. ಅವನ ಹಳೆಯ ಚಿತ್ರಗಳೆಲ್ಲ ಮಾರಿಹೋಗಿದ್ದವು, ಶನಿವಾರ ರಾತ್ರಿ ಒಂದು ಹೊಸದು ತೆಗೆಯಲೇಬೇಕಿತ್ತು. ಅದು ಕೆಟ್ಟರೆ ಜಾಗ ನನ್ನದು. ನನಗಾಗಲೇ ನಲವತ್ತೇಳು. ಇನ್ನೊಂದು ಅವಕಾಶ ನನ್ನ ಬಾಗಿಲಿಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಇಷ್ಟಾದರೂ ಅವನು ಕರೆದದ್ದು ನನ್ನನ್ನೇ. "ಬಾಜೂ ಕುಂದರ್ರಿ ಸರ. ನೀವಿದ್ರ ಧೈರ್ಯ ಇರತೈತಿ," ಅಂದ. ಶನಿವಾರ ಸಂಜೆಯ ಬಸ್ಸಿಗೆ ಹೋದೆ. ಸರ್ವೀಸ್ ರಸ್ತೆಯ ಆಚೆ ಒಂದು ಪಂಕ್ಚರ್ ಅಂಗಡಿ, ಅದಕ್ಕೊಂದು ಬಲ್ಬು, ಮೇಲೆಲ್ಲ ಆಕಾಶ. ಅದೇ ಅವನು ಆರಿಸಿದ ನೋಟ. ಈಚೆ ಹೊಲದ ಅಂಚಿನ ಕತ್ತಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಅವನು ಇನ್ನೇನು ಕುಂಚ ಎತ್ತಬೇಕು, ಅಂಗಡಿಯವನು ಬಲ್ಬು ಆರಿಸಿಬಿಟ್ಟ.

"ತಡೀರಿ ಸರ, ಹಚ್ಚಿ ಇಡು ಅಂತ ಹೇಳಿ ಬರ್ತೇನಿ," ಎಂದು ದಸ್ತಗೀರ ರಸ್ತೆ ದಾಟಿದ.

ಅವನು ಬರುವುದರೊಳಗೆ ನಡುವಿನ ಬಟ್ಟಲನ್ನೂ ದಾರದ ಹತ್ತಿರದ ಬಟ್ಟಲನ್ನೂ ಎತ್ತಿ ಅದಲುಬದಲು ಮಾಡಿದೆ. ಹೆಬ್ಬೆರಳಿಗೆ ಬಣ್ಣ ಹತ್ತಿತು, ಚಾಪೆಗೆ ಒರೆಸಿಕೊಂಡೆ.

ಬಲ್ಬು ಹತ್ತಿತು. ಅವನು ಬಂದು ಕೂತು ಆಕಾಶ ತುಂಬಲು ಶುರು ಮಾಡಿದ. ಕುಂಚ ನಡುವಿನ ಬಟ್ಟಲಿಗೆ ಹೋಗುವುದು, ಕ್ಯಾನ್ವಾಸಿಗೆ ಹೋಗುವುದು, ಮತ್ತೆ ನಡುವಿಗೆ. ಬಣ್ಣ ಕಾಣುತ್ತಿರಲಿಲ್ಲ, ಆದರೆ ಸ್ಟೀಲಿಗೆ ಕುಂಚ ತಾಗುವ ಸಪ್ಪಳ ಕೇಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಪ್ರತಿ ಸಲ ಆ ಸಪ್ಪಳ ಕೇಳಿದಾಗಲೂ ನನಗೆ ಖುಷಿಯಾಗುತ್ತಿತ್ತು. ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಡಬ್ಬಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ, ಅವನೂ ಜಾಗ ಬಿಟ್ಟು ಏಳಲಿಲ್ಲ.

ಬೆಳಕು ಹರಿಯಿತು. ಹಳದಿ ಮೆತ್ತಿದ ಕ್ಯಾನ್ವಾಸು ನೋಡಲು ತಯಾರಾಗಿ, ಸಮಾಧಾನದ ಮಾತನ್ನೂ ನೆನೆಸಿಟ್ಟುಕೊಂಡು ತಿರುಗಿದೆ. ಆಕಾಶ ನೀಲಿಯಾಗಿತ್ತು. ಅಂಥ ನೀಲಿಯನ್ನು ನಾನು ಯಾವ ಚಿತ್ರದಲ್ಲೂ ನೋಡಿಲ್ಲ. ಅಂಗಡಿಯ ಬಲ್ಬಿನ ಜಾಗದಲ್ಲಿ ಮಾತ್ರ ಒಂದು ಚುಕ್ಕೆ ಹಳದಿ.

ಡಬ್ಬಿ ನೋಡಿದೆ. ನಡುವಿನ ಬಟ್ಟಲಲ್ಲಿ ಹಳದಿಯೇ ಇತ್ತು, ಇತ್ತು ಎನ್ನುವುದಕ್ಕಿಂತ ಮುಗಿದಿತ್ತು. ತಳದಲ್ಲಿ ಕೆರೆದ ಗೆರೆಗಳು. ದಾರದ ಹತ್ತಿರದ ನೀಲಿ ತುಂಬಿದ್ದು ತುಂಬಿದಂತೆ, ಕುಂಚದ ತುದಿ ಒಮ್ಮೆ ತಾಗಿದ ಗುರುತಷ್ಟೇ. ಹಾಗಾದರೆ ಒಂದು ಬಟ್ಟಲು ಹಳದಿ ಎಲ್ಲಿ ಹೋಯಿತು? ಆಕಾಶದ ತುಂಬ ನೀಲಿ ಎಲ್ಲಿಂದ ಬಂತು? ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಎರಡೂ ಬಣ್ಣ ಒಣಗಿ ಕೂತಿದ್ದವು, ಆದ್ದರಿಂದ ಕನಸು ಎನ್ನುವ ಹಾಗೂ ಇರಲಿಲ್ಲ. ದಸ್ತಗೀರ ಚಿತ್ರವನ್ನೇ ನೋಡುತ್ತ ನಿಂತಿದ್ದ. ನಾನು ಡಬ್ಬಿ ಎತ್ತಿಕೊಂಡು ಪಂಕ್ಚರ್ ಅಂಗಡಿಯ ನಲ್ಲಿಯತ್ತ ಹೊರಟೆ.

"ಬಿಡ್ರಿ ಸರ, ನೀವ್ಯಾಕ ತೊಳೀತೀರಿ?" ಅಂದ.

"ಇರಲಿ ಬಿಡೋ," ಎಂದು ಏಳೂ ಬಟ್ಟಲು ತಿಕ್ಕಿ ತೊಳೆದೆ. ಬೆಳಗಾವಿಯವರು ಬಂದರು, ಚಿತ್ರ ತೆಗೆದುಕೊಂಡು ಹೋದರು.

ಈಗ ಅವನ ಹೆಸರು ದೂರದವರೆಗೂ ಹೋಗಿದೆ. ಹೋದ ತಿಂಗಳು ಫೋನ್ ಮಾಡಿದ್ದ. ಮಾತೆಲ್ಲ ಮುಗಿದ ಮೇಲೆ ಕೇಳಿದ:

"ಸರ, ಖರೆ ಹೇಳ್ತೇನಿ, ಆ ನೀಲಿ ಮತ್ತ ಒಮ್ಮೆನೂ ಕೂಡಿ ಬರವಲ್ದು. ಎಷ್ಟ್ ಕಲಸಿದ್ರೂ ಬರವಲ್ದು. ಅವತ್ತ ಡಬ್ಬಿ ತೊಳದಾವ್ರು ನೀವು. ಏನ್ ಕಲಸಿದ್ದೆ ನಾ, ನೋಡಿದ್ರೇನ್ರಿ?"

"ಇಲ್ಲೋ ದಸ್ತಗೀರ. ಲಕ್ಷ್ಯ ಕೊಡಲಿಲ್ಲ ನಾ," ಅಂದೆ. ನೋಡಿದ್ದನ್ನು ಹೇಳಿದರೆ ಬಟ್ಟಲು ಬದಲಿಸಿದ್ದನ್ನೂ ಹೇಳಬೇಕಾಗುತ್ತಿತ್ತು. ಅವನಿಗೆ ಎಲ್ಲ ಗೊತ್ತಿದ್ದೇ ಕೇಳಿದನೋ, ನಿಜವಾಗಿಯೂ ಹುಡುಕುತ್ತಿದ್ದಾನೋ, ಆ ದನಿಯಿಂದ ನನಗೆ ತಿಳಿಯಲಿಲ್ಲ.

ಅದೇ ವಾರ ನಾನೂ ಅಂಥದೊಂದು ಡಬ್ಬಿ ಕೊಂಡು ತಂದೆ. ನಡುವೆ ಹಳದಿ ತುಂಬಿಸಿಕೊಂಡು, ಮನೆಯ ದೀಪಗಳನ್ನೆಲ್ಲ ಆರಿಸಿ, ಮಾಳಿಗೆಯ ಮೇಲೆ ಬೆಳಗಿನ ತನಕ ಕೂತು ಆಕಾಶ ತೆಗೆದೆ. ಅವನಿಗೆ ಬಂದದ್ದು ನನಗೆ ಯಾಕೆ ಬರಬಾರದು? ಬೆಳಿಗ್ಗೆ ನೋಡಿದರೆ ಕ್ಯಾನ್ವಾಸಿನ ತುಂಬ ಹಳದಿ.